ಪರದೆಯ ಬಣ್ಣ, ಕಾಗದದ ಬಣ್ಣ

ಫೋಟೋ ಲ್ಯಾಬ್ ನಡೆಸುವವರಿಗೆ ಕೇಳಿ ಕೇಳಿ ಸಾಕಾಗಿರುವ ದೂರೊಂದಿದೆ: "ಕಂಪ್ಯೂಟರ್‌ನಲ್ಲಿ ಚೆನ್ನಾಗಿತ್ತು, ಪ್ರಿಂಟ್ ಯಾಕೋ ಕಪ್ಪಗೆ ಬಂದಿದೆ." ಗಿರಾಕಿ ಲ್ಯಾಬಿನ ಮೆಷೀನನ್ನು ದೂರುತ್ತಾನೆ, ಲ್ಯಾಬಿನವರು ಗಿರಾಕಿಯ ಮಾನಿಟರನ್ನು. ಬಹಳ ಸಲ ಲ್ಯಾಬಿನವರ ಮಾತೇ ಸರಿಯಿರುತ್ತದೆ, ಆದರೆ ಅದನ್ನು ಬಿಡಿಸಿ ಹೇಳುವ ಪುರುಸೊತ್ತು ಅವರಿಗಿರುವುದಿಲ್ಲ. ಪರದೆಯೂ ಕಾಗದವೂ ಬಣ್ಣ ತೋರಿಸುವ ಬಗೆಯೇ ಬೇರೆ. ಹಾಗಾಗಿ ಎರಡೂ ತದ್ರೂಪಾಗಿ ಕಾಣುವುದು ಯಾವ ಯಂತ್ರದಿಂದಲೂ ಆಗದ ಮಾತು. ಪ್ರಿಂಟ್ ಹೇಗೆ ಬರುತ್ತದೆಂದು ಮುಂಚೆಯೇ ಹೇಳುವಷ್ಟು ಹತ್ತಿರಕ್ಕೆ ಮಾತ್ರ ಅವನ್ನು ತರಬಹುದು. ವೃತ್ತಿಯವರು ಕಲರ್ ಮ್ಯಾನೇಜ್‌ಮೆಂಟ್ ಎಂದು ಕರೆಯುವುದು ಈ ಕೆಲಸವನ್ನೇ.

ಬೆಳಕನ್ನು ಕೂಡುವುದು, ಬೆಳಕನ್ನು ಕಳೆಯುವುದು

ಮಾನಿಟರ್ ತಾನೇ ಬೆಳಕು ಸೂಸುತ್ತದೆ. ಅದರ ಪ್ರತಿಯೊಂದು ಚುಕ್ಕೆಯೊಳಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಿರುಚುಕ್ಕೆಗಳಿರುತ್ತವೆ. ಮೂರೂ ಪೂರ್ತಿ ಹೊತ್ತಿದರೆ ಬಿಳಿ, ಮೂರೂ ಆರಿದರೆ ಕಪ್ಪು. ಒಂದೊಂದಕ್ಕೂ 256 ಹಂತಗಳಿರುವುದರಿಂದ ಲೆಕ್ಕಕ್ಕೆ 1,67,77,216 ಬಣ್ಣಗಳಾಗುತ್ತವೆ. ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರೇ ಬಗೆಯವಾದ್ದರಿಂದ ಮೂರು ದೀಪಗಳಲ್ಲೇ ಇಷ್ಟೆಲ್ಲ ಸಾಧ್ಯವಾಗಿದೆ.

ಇದನ್ನು ಫೋಟೋದಲ್ಲಿ ಮೊದಲು ತೋರಿಸಿದವನು ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನು ಒಂದು ಚೌಕಳಿ ರಿಬ್ಬನ್ನಿನ ಮೂರು ಫೋಟೋಗಳನ್ನು ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಒಂದರ ಮೇಲೊಂದು ಬೀಳಿಸಿ ಬಣ್ಣದ ಚಿತ್ರ ಮೂಡಿಸಿದ. ಆದರೆ ಆ ಕಾಲದ ರಾಸಾಯನಿಕಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ರಿಬ್ಬನ್ನಿನ ಕೆಂಪು ಬಟ್ಟೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು, ಪ್ಲೇಟಿನ ಮೇಲೆ ಕೆಂಪೆಂದು ದಾಖಲಾದದ್ದು ಆ ಕಿರಣಗಳು! ಕೊಡಾಕ್ ಕಂಪನಿಯ ಸಂಶೋಧಕರು ಇದನ್ನು ಪತ್ತೆ ಮಾಡಿದ್ದು ನೂರು ವರ್ಷಗಳ ಮೇಲೆ. ಬಣ್ಣದ ಛಾಯಾಗ್ರಹಣ ಹುಟ್ಟಿದ ದಿನವೇ ಯಂತ್ರ ಕಂಡದ್ದೂ ಕಣ್ಣು ಕಂಡದ್ದೂ ಬೇರೆಯಾಗಿದ್ದವು.

ಕಾಗದಕ್ಕೆ ಸ್ವಂತ ಬೆಳಕಿಲ್ಲ. ಕೋಣೆಯ ಬೆಳಕು ಅದರ ಮೇಲೆ ಬಿದ್ದು, ಶಾಯಿ ನುಂಗಿ ಉಳಿದದ್ದಷ್ಟೇ ಕಣ್ಣಿಗೆ ಮರಳುತ್ತದೆ. ಸಯಾನ್ ಶಾಯಿ ಕೆಂಪನ್ನು ನುಂಗುತ್ತದೆ, ಮಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಮೂರನ್ನೂ ಬಳಿದರೆ ಕಪ್ಪು ಬರಬೇಕು. ನಿಜವಾದ ಶಾಯಿಗಳಲ್ಲಿ ಬರುವುದು ಕೆಸರಿನಂಥ ಕಂದು, ಅದಕ್ಕೇ ಪ್ರೆಸ್ಸಿನಲ್ಲಿ ನಾಲ್ಕನೆಯದಾಗಿ ಕಪ್ಪು ಶಾಯಿಯನ್ನೂ ಸೇರಿಸುತ್ತಾರೆ. ಪರದೆಯ ಆರ್‌ಜಿಬಿ, ಪ್ರೆಸ್ಸಿನ ಸಿಎಂವೈಕೆ ಎಂಬ ಎರಡು ಲೆಕ್ಕಗಳು ಹೀಗೆ ಹುಟ್ಟಿದವು.

ಬಣ್ಣ ಹೊಂದಿಸುವ ಕಷ್ಟ ಕಂಪ್ಯೂಟರಿಗಿಂತ ಹಳೆಯದು. 1894ರಲ್ಲಿ ರಾಜಾ ರವಿವರ್ಮ ಮುಂಬೈಯಲ್ಲಿ ಶುರು ಮಾಡಿದ ಪ್ರೆಸ್ಸಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮೂಲ ತೈಲಚಿತ್ರದ ಲಕ್ಷ್ಮಿಯ ಸೀರೆಯಲ್ಲಿ ಯಾವ ಶಾಯಿ ಎಷ್ಟಿದೆ ಎಂಬುದನ್ನು ಕುಶಲಕರ್ಮಿ ಕಣ್ಣಳತೆಯಲ್ಲೇ ಬಿಡಿಸಬೇಕಿತ್ತು. ಇಂದು ಸಾಫ್ಟ್‌ವೇರ್ ಮಾಡುವುದು ಅದೇ ಕೆಲಸವನ್ನು, ವೇಗವಾಗಿ.

ಪ್ರಿಂಟ್ ಕಪ್ಪಗೆ ಬರುವುದೇಕೆ

ಕಾರಣ ಸಾಮಾನ್ಯವಾಗಿ ಪ್ರಿಂಟರಿನಲ್ಲಿಲ್ಲ, ಮಾನಿಟರಿನ ಬ್ರೈಟ್‌ನೆಸ್‌ನಲ್ಲಿದೆ. ಇದೊಂದನ್ನು ಸರಿ ಮಾಡಿಕೊಂಡರೆ ಅರ್ಧ ಜಗಳ ಮುಗಿದಂತೆ ಎನ್ನುವುದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ.

ಪರದೆಯ ಪ್ರಕಾಶವನ್ನು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಎಂದು ಅಳೆಯುತ್ತಾರೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾನಿಟರ್ ಪೂರ್ತಿ ಬ್ರೈಟ್‌ನೆಸ್‌ನಲ್ಲಿ 250ರಿಂದ 300ರವರೆಗೆ ಹೋಗುತ್ತದೆ. ಈಗ ಪ್ರಿಂಟ್ ನೋಡುವ ಕೋಣೆ. ಒಂದೇ ಟ್ಯೂಬ್‌ಲೈಟ್ ಇರುವ ಮನೆಯ ಕೋಣೆಯಲ್ಲಿ ಮೇಜಿನ ಮೇಲೆ ಬೀಳುವ ಬೆಳಕು ನೂರಿನ್ನೂರು ಲಕ್ಸ್ ಇದ್ದೀತು. ಬಿಳಿ ಕಾಗದ ಬಿದ್ದ ಬೆಳಕಿನ ಶೇ. 90ರಷ್ಟನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ ಎಂದಿಟ್ಟುಕೊಂಡರೆ, 150 ಲಕ್ಸ್‌ನಲ್ಲಿ ಅದರ ಪ್ರಕಾಶ ಸುಮಾರು 43 ಕ್ಯಾಂಡೆಲಾ. ಪರದೆಯ ಬಿಳಿ 250, ಕಾಗದದ ಬಿಳಿ 43. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಪ್ರಿಂಟ್ ಕಪ್ಪಗಿದೆ ಎನ್ನದೆ ಮತ್ತೇನು ಹೇಳಿಯಾರು?

ಇದಕ್ಕಿಂತ ಕೆಟ್ಟದ್ದು ಮುಂದಿನದು. ತೀರಾ ಹೊಳೆಯುವ ಪರದೆಯ ಮೇಲೆ ಎಡಿಟ್ ಮಾಡುವವರು ಫೋಟೋ ಹೆಚ್ಚು ಬೆಳಕಾಗಿದೆ ಎಂದು ಭಾವಿಸಿ ಅದನ್ನು ಇನ್ನಷ್ಟು ಇಳಿಸುತ್ತಾರೆ. ಕತ್ತಲೆ ಆಗ ಫೈಲಿನೊಳಕ್ಕೇ ಸೇರಿಬಿಡುತ್ತದೆ. ಆಮೇಲೆ ಯಾವ ಲ್ಯಾಬಿಗೆ ಒಯ್ದರೂ ಫಲಿತಾಂಶ ಒಂದೇ.

ಪ್ರಿಂಟಿಗಾಗಿ ಎಡಿಟ್ ಮಾಡುವಾಗ ಮಾನಿಟರನ್ನು 80ರಿಂದ 120 ಕ್ಯಾಂಡೆಲಾ ನಡುವೆ ಇಡುವುದು ರೂಢಿ. ಅಳೆಯುವ ಉಪಕರಣ ಇಲ್ಲದವರಿಗೂ ದಾರಿಯಿದೆ. ಪ್ರಿಂಟ್ ನೋಡುವ ಬೆಳಕಿನಲ್ಲೇ ಪರದೆಯ ಪಕ್ಕ ಒಂದು ಖಾಲಿ ಫೋಟೋ ಕಾಗದವನ್ನು ಹಿಡಿಯಿರಿ. ಪರದೆಯ ಮೇಲೆ ಖಾಲಿ ಬಿಳಿ ಪುಟ ತೆರೆಯಿರಿ. ಎರಡು ಬಿಳಿಗಳೂ ಒಂದೇ ಸಮ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಮೊದಲ ದಿನ ಪರದೆ ಮಂಕಾಯಿತು ಅನ್ನಿಸುತ್ತದೆ, ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ. ಕಿಟಕಿಯ ಬಿಸಿಲು ನೇರ ಪರದೆಯ ಮೇಲೆ ಬೀಳುವ ಜಾಗದಲ್ಲಿ ಮಾತ್ರ ಈ ಕೆಲಸ ಬೇಡ.

ಹೊಳಪಷ್ಟೇ ಅಲ್ಲ, ಕಪ್ಪು ಬಿಳಿಗಳ ಅಂತರವೂ ಬೇರೆ. ಸಾಧಾರಣ ಎಲ್‌ಸಿಡಿ ಪರದೆಯಲ್ಲಿ ಬಿಳಿ ಕಪ್ಪಿಗಿಂತ ಸುಮಾರು ಸಾವಿರ ಪಟ್ಟು ಪ್ರಕಾಶಮಾನ. ಒಳ್ಳೆಯ ಗ್ಲಾಸಿ ಕಾಗದದಲ್ಲಿ ಅದು ನೂರೈವತ್ತು ಇನ್ನೂರು ಪಟ್ಟು, ಮ್ಯಾಟ್ ಕಾಗದದಲ್ಲಿ ನಲವತ್ತು ಐವತ್ತು ಪಟ್ಟು. ಮದುಮಗಳ ಕಪ್ಪು ಕೂದಲಿನ ಎಳೆಗಳು ಮ್ಯಾಟ್ ಆಲ್ಬಮ್ಮಿನಲ್ಲಿ ಒಂದೇ ಮುದ್ದೆಯಾಗಿ ಕಾಣುವುದು ಇದರಿಂದ.

ಮುದ್ರಣಕ್ಕೆ ಸಿಗದ ಬಣ್ಣಗಳು

ಒಂದು ಸಾಧನ ತೋರಿಸಬಲ್ಲ ಬಣ್ಣಗಳ ಒಟ್ಟು ವ್ಯಾಪ್ತಿಗೆ ಗ್ಯಾಮಟ್ ಎನ್ನುತ್ತಾರೆ. ಪರದೆಯ ಗ್ಯಾಮಟ್ ದೊಡ್ಡದು, ಪ್ರಿಂಟಿನದು ಚಿಕ್ಕದು ಎಂಬ ಮಾತು ಮುಕ್ಕಾಲು ಪಾಲು ನಿಜ. ಶುದ್ಧ ಸಯಾನ್ ಶಾಯಿಯ ಬಣ್ಣವನ್ನು ಸಾಮಾನ್ಯ ಪರದೆಯೇ ತೋರಿಸಲಾರದು. ಆದರೆ ದೈನಂದಿನ ತಲೆನೋವು ಬರುವುದು ಎದುರು ದಿಕ್ಕಿನಿಂದ. ಪರದೆಯ ಗಾಢ ನೀಲಿ ನಾಲ್ಕು ಶಾಯಿಯ ಮುದ್ರಣದಲ್ಲಿ ನೇರಳೆಗೆ ತಿರುಗುತ್ತದೆ. ಮಿಂಚುವ ಹಸಿರು ಸಪ್ಪೆಯಾಗುತ್ತದೆ. ಕಡು ಕಿತ್ತಳೆ ಇಟ್ಟಿಗೆಯ ಕಡೆಗೆ ವಾಲುತ್ತದೆ.

ಈಚಿನ ಆರತಕ್ಷತೆಗಳ ಫೋಟೋ ನೋಡಿ. ವೇದಿಕೆಯ ಹಿಂದೆ ನೀಲಿ, ನೇರಳೆ ಎಲ್‌ಇಡಿ ದೀಪಗಳ ಸಾಲು. ಫೋನಿನಲ್ಲಿ ಅದು ಝಗಝಗಿಸುತ್ತದೆ, ಅಚ್ಚಾದಾಗ ಕೊಳೆ ಹಿಡಿದ ನೇರಳೆಯಾಗುತ್ತದೆ. ಲ್ಯಾಬಿನವರಾಗಲಿ ಪ್ರೆಸ್ಸಿನವರಾಗಲಿ ಏನೂ ಮಾಡಲಾರರು, ಆ ಬಣ್ಣ ಅವರ ಡಬ್ಬಿಯಲ್ಲಿಲ್ಲ. ಅರಿಶಿನ ಶಾಸ್ತ್ರದ ಫೋಟೋಗಳಿಗೆ ಈ ತೊಂದರೆ ಕಡಿಮೆ, ಹಳದಿ ಎನ್ನುವುದು ಶಾಯಿಗಳಲ್ಲೇ ಒಂದು. ಕನ್ನಡ ಬಾವುಟವೂ ಹಾಗೆಯೇ: ಮೇಲಿನ ಪಟ್ಟಿ ಶುದ್ಧ ಹಳದಿ ಶಾಯಿ, ಕೆಳಗಿನದು ಮಜೆಂಟಾದ ಜೊತೆ ಅದೇ ಹಳದಿ. ನವೆಂಬರ್ ತಿಂಗಳ ಪೋಸ್ಟರುಗಳು ಸಾಧಾರಣ ಪ್ರೆಸ್ಸಿನಲ್ಲೂ ಕಣ್ಣಿಗೆ ಹೊಡೆಯುವಂತೆ ಬರುವುದಕ್ಕೆ ಇದೂ ಒಂದು ಕಾರಣ.

ವ್ಯಾಪ್ತಿ ಹಿಗ್ಗಿಸಲು ಉಪಾಯಗಳಿವೆ. ಎಂಟು, ಹತ್ತು, ಹನ್ನೆರಡು ಶಾಯಿಗಳ ಫೋಟೋ ಇಂಕ್‌ಜೆಟ್ ಪ್ರಿಂಟರುಗಳು ಬಂದಿವೆ. ಕಂಪನಿಯ ಲಾಂಛನಕ್ಕೆ ಒಂದೇ ನಿರ್ದಿಷ್ಟ ಬಣ್ಣ ಬೇಕಿದ್ದರೆ ಪ್ಯಾಂಟೋನ್ ಸಂಖ್ಯೆ ಹೇಳಿ ಆ ಶಾಯಿಯನ್ನೇ ಕಲಸಿ ಹಚ್ಚಿಸಬಹುದು. ಫೋಟೋಗಳಿಗೆ ಎರಡನೆಯ ದಾರಿ ಉಪಯೋಗವಿಲ್ಲ.

ಪ್ರೊಫೈಲ್ ಎಂಬ ದುಭಾಷಿ

ಕೆಂಪು 200, ಹಸಿರು 60, ನೀಲಿ 40 ಎಂಬ ಮೂರು ಅಂಕಿಗಳನ್ನು ಕೊಟ್ಟರೆ ಒಂದೊಂದು ಮಾನಿಟರ್ ಒಂದೊಂದು ಬಣ್ಣ ತೋರಿಸುತ್ತದೆ. ಅಂಕಿ ಎನ್ನುವುದು ಸಾಧನಕ್ಕೆ ಕೊಟ್ಟ ಅಪ್ಪಣೆ ಮಾತ್ರ, ಬಣ್ಣದ ವರ್ಣನೆಯಾಗಲಾರದು. ಬಣ್ಣವನ್ನೇ ಹೆಸರಿಸುವ, ಯಾವ ಸಾಧನಕ್ಕೂ ಸೇರದ ಲೆಕ್ಕವೊಂದು ಬೇಕಿತ್ತು. ಅಂಥದನ್ನು 1931ರಲ್ಲಿ ಬೆಳಕಿನ ಮಾನಕಗಳ ಅಂತರರಾಷ್ಟ್ರೀಯ ಆಯೋಗವಾದ ಸಿಐಇ ರೂಪಿಸಿತು. ಅದಕ್ಕೆ ಆಧಾರ ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬ ಇಬ್ಬರು ಬೇರೆ ಬೇರೆಯಾಗಿ ನಡೆಸಿದ ಪ್ರಯೋಗಗಳು. ರೈಟ್ ಹತ್ತು ಜನರ, ಗಿಲ್ಡ್ ಏಳು ಜನರ ದೃಷ್ಟಿಯನ್ನು ಪರೀಕ್ಷಿಸಿದರು. ಈ ಹದಿನೇಳು ಜೋಡಿ ಕಣ್ಣುಗಳ ಸರಾಸರಿ ಇಂದಿಗೂ ಜಗತ್ತಿನ ಮಾನಿಟರು, ಪ್ರಿಂಟರು, ಬಟ್ಟೆ, ಬಣ್ಣದ ಡಬ್ಬಿಗಳೆಲ್ಲವನ್ನೂ ಆಳುತ್ತಿದೆ.

ಈ ಲೆಕ್ಕವನ್ನು ಕಂಪ್ಯೂಟರಿಗೆ ತಂದದ್ದು 1993ರಲ್ಲಿ ಅಡೋಬ್, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಮುಂತಾದ ಎಂಟು ಕಂಪನಿಗಳು ಸೇರಿ ಕಟ್ಟಿದ ಐಸಿಸಿ ಒಕ್ಕೂಟ. ಒಕ್ಕೂಟ ನಿಗದಿಪಡಿಸಿದ ರೂಪದ ಚಿಕ್ಕ ಕಡತವೇ ಐಸಿಸಿ ಪ್ರೊಫೈಲ್. "ಈ ಮಾನಿಟರಿಗೆ ಈ ಅಂಕಿ ಕೊಟ್ಟರೆ ಸಿಐಇ ಲೆಕ್ಕದ ಈ ಬಣ್ಣ ಬರುತ್ತದೆ" ಎಂದು ಅದು ಹೇಳುತ್ತದೆ. ಪ್ರಿಂಟರ್, ಶಾಯಿ, ಕಾಗದ ಈ ಮೂರರ ಒಂದೊಂದು ಜೋಡಣೆಗೂ ಬೇರೆ ಬೇರೆ ಪ್ರೊಫೈಲ್. ಕ್ಯಾಮೆರಾದಿಂದ ಪರದೆಗೆ, ಪರದೆಯಿಂದ ಪ್ರಿಂಟರಿಗೆ ಬಣ್ಣ ದಾಟುವಾಗ ದುಭಾಷಿಯಂತೆ ಮಧ್ಯೆ ನಿಲ್ಲುವುದು ಇದೇ ಕಡತ.

ಫೋಟೋಗೂ ಒಂದು ಪ್ರೊಫೈಲ್ ಅಂಟಿರುತ್ತದೆ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟ ಎಸ್‌ಆರ್‌ಜಿಬಿ ಎಲ್ಲೆಡೆ ನಡೆಯುವ ನಾಣ್ಯ. 1998ರ ಅಡೋಬ್ ಆರ್‌ಜಿಬಿಯ ವ್ಯಾಪ್ತಿ, ಅದರಲ್ಲೂ ಹಸಿರು ಮತ್ತು ಸಯಾನ್ ಕಡೆ, ಹೆಚ್ಚು. ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಕ್ಯಾಮೆರಾದಲ್ಲಿ ಅಡೋಬ್ ಆರ್‌ಜಿಬಿ ಆರಿಸಿಕೊಂಡು ನೇರ ಲ್ಯಾಬಿಗೆ ಕೊಡುವವರಿದ್ದಾರೆ. ಲ್ಯಾಬಿನ ಮೆಷೀನು ಪ್ರೊಫೈಲನ್ನು ಓದದೆ ಎಸ್‌ಆರ್‌ಜಿಬಿ ಎಂದೇ ತಿಳಿದುಕೊಂಡರೆ ಬಣ್ಣವೆಲ್ಲ ಕಳೆಗುಂದಿ ಬರುತ್ತದೆ. ಏನು ಆರಿಸಬೇಕೆಂದು ಗೊತ್ತಾಗದಿದ್ದರೆ ಎಸ್‌ಆರ್‌ಜಿಬಿ ಆರಿಸಿ.

ಮನೆಯ ಪ್ರಿಂಟರಿನಲ್ಲಿ ಇನ್ನೊಂದು ಹಳ್ಳವಿದೆ. ಫೋಟೋಶಾಪ್ ಬಣ್ಣವನ್ನು ಪರಿವರ್ತಿಸಿ ಕಳಿಸುತ್ತದೆ, ಪ್ರಿಂಟರಿನ ಡ್ರೈವರ್ ಅದನ್ನು ಮತ್ತೊಮ್ಮೆ ಪರಿವರ್ತಿಸುತ್ತದೆ. ಎರಡು ಸಲ ತಿದ್ದಿದ ಬಣ್ಣ ಯಾರ ಬಣ್ಣವೂ ಆಗಿರುವುದಿಲ್ಲ. ಜವಾಬ್ದಾರಿಯನ್ನು ಫೋಟೋಶಾಪಿಗೆ ಕೊಟ್ಟರೆ ಡ್ರೈವರಿನಲ್ಲಿ ಬಣ್ಣದ ತಿದ್ದುಪಡಿಯನ್ನು ಆಫ್ ಮಾಡಬೇಕು.

ಮಾನಿಟರನ್ನು ಅಳೆಯುವುದು

ಕಣ್ಣು ನಂಬಿಕಸ್ತ ಸಾಕ್ಷಿಯಾಗಲಾರದು. ಹಳದಿ ಬಲ್ಬಿನ ಕೋಣೆಯಲ್ಲಿ ಹತ್ತು ನಿಮಿಷ ಕೂತರೆ ಅಲ್ಲಿನ ಗೋಡೆಯೂ ಬಿಳಿಯಾಗಿಯೇ ಕಾಣುತ್ತದೆ. ಆದ್ದರಿಂದ ಹಣ ತೆಗೆದುಕೊಂಡು ಈ ಕೆಲಸ ಮಾಡುವವರು ಪರದೆಯ ಮೇಲೆ ತೂಗಿಬಿಡುವ ಕಲರಿಮೀಟರ್ ಎಂಬ ಪುಟ್ಟ ಉಪಕರಣ ಇಟ್ಟುಕೊಳ್ಳುವುದು ಒಳಿತು. ಡೇಟಾಕಲರ್ ಕಂಪನಿಯ ಸ್ಪೈಡರ್, ಕ್ಯಾಲಿಬ್ರೈಟ್ ಕಂಪನಿಯ ಉಪಕರಣಗಳು ಈ ಜಾತಿಯವು. ಪರದೆಯ ಮೇಲೆ ಸಾಫ್ಟ್‌ವೇರ್ ಒಂದಾದ ಮೇಲೊಂದು ಬಣ್ಣದ ತುಂಡುಗಳನ್ನು ತೋರಿಸುತ್ತ ಹೋಗುತ್ತದೆ, ಉಪಕರಣ ಅಳೆಯುತ್ತ ಹೋಗುತ್ತದೆ. ಮಾನಿಟರನ್ನು ನಿಗದಿತ ಹೊಳಪು ಮತ್ತು ಬಿಳಿಗೆ ತರುವುದು ಕ್ಯಾಲಿಬ್ರೇಷನ್. ತಂದ ಮೇಲೆ ಅದು ಹೇಗೆ ನಡೆದುಕೊಳ್ಳುತ್ತದೆಂದು ಬರೆದಿಡುವುದು ಪ್ರೊಫೈಲಿಂಗ್. ಮಾನಿಟರ್ ಹಾಕಿ ಅರ್ಧ ಗಂಟೆ ಬಿಟ್ಟು ಅಳೆಯಬೇಕು, ತಿಂಗಳಿಗೊಮ್ಮೆ ಮತ್ತೆ ಅಳೆಯಬೇಕು. ಪರದೆಗಳಿಗೂ ವಯಸ್ಸಾಗುತ್ತದೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಲಾರದವರಿಗೆ ಆರ್ಗಿಲ್‌ಸಿಎಂಎಸ್ ಎಂಬ ಮುಕ್ತ ತಂತ್ರಾಂಶವಿದೆ.

ಫೋನಿನ ಪರದೆಯನ್ನು ಬಣ್ಣದ ತೀರ್ಪಿಗೆ ಬಳಸಬೇಡಿ. ಹಲವು ಫೋನುಗಳು ಬರುವುದೇ ಬಣ್ಣವನ್ನು ಉಬ್ಬಿಸಿ ತೋರಿಸುವ ವಿವಿಡ್ ಸ್ಥಿತಿಯಲ್ಲಿ. ನ್ಯಾಚುರಲ್‌ಗೆ ಬದಲಿಸಿದರೆ ಸ್ವಲ್ಪ ವಾಸಿ. ಸಂಜೆಯಾದರೆ ಪರದೆಯನ್ನು ತಾನಾಗಿ ಹಳದಿಗೆ ತಿರುಗಿಸುವ ನೈಟ್ ಲೈಟ್ ಲ್ಯಾಪ್‌ಟಾಪಿನಲ್ಲಿ ಹೊತ್ತಿದ್ದು ಗೊತ್ತಿಲ್ಲದೆ ಇಡೀ ಆಲ್ಬಮ್ಮನ್ನು ನೀಲಿಯಾಗಿಸಿ ಕೊಟ್ಟವರೂ ಉಂಟು.

ಪರದೆಯಲ್ಲೇ ಪ್ರೂಫ್

ಪ್ರಿಂಟರಿನ ಪ್ರೊಫೈಲ್ ಕೈಯಲ್ಲಿದ್ದರೆ ಪ್ರಿಂಟ್ ತೆಗೆಯುವ ಮೊದಲೇ ಅದು ಹೇಗೆ ಬರುತ್ತದೆಂದು ಪರದೆಯಲ್ಲಿ ನೋಡಬಹುದು. ಇದು ಸಾಫ್ಟ್ ಪ್ರೂಫ್. ಫೋಟೋಶಾಪ್, ಲೈಟ್‌ರೂಮ್, ಉಚಿತವಾಗಿ ಸಿಗುವ ಗಿಂಪ್ ಮತ್ತು ಡಾರ್ಕ್‌ಟೇಬಲ್‌ಗಳಲ್ಲೂ ಈ ಸೌಲಭ್ಯವಿದೆ. ಕಾಗದದ ಬಿಳಿಯನ್ನೂ ಅನುಕರಿಸುವ ಆಯ್ಕೆಯನ್ನು ಒತ್ತಿದ ಕೂಡಲೇ ಫೋಟೋ ಸತ್ತಂತೆ ಕಾಣುತ್ತದೆ, ಹೆದರಬಾರದು. ಒತ್ತುವಾಗ ಬೇರೆ ಕಡೆ ನೋಡಿ, ಕೆಲವು ಕ್ಷಣ ಬಿಟ್ಟು ಪರದೆಗೆ ಮರಳಿದರೆ ಕಣ್ಣು ಹೊಸ ಬಿಳಿಗೆ ಹೊಂದಿಕೊಂಡಿರುತ್ತದೆ.

ಪ್ರಿಂಟಿಗೆ ಸಿಗದ ಬಣ್ಣಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ಪರ್ಸೆಪ್ಚುವಲ್ ಎಂಬ ಆಯ್ಕೆ ಇಡೀ ಚಿತ್ರದ ಬಣ್ಣಗಳನ್ನು ಒಟ್ಟಾಗಿ ಕುಗ್ಗಿಸಿ ಅವುಗಳ ಪರಸ್ಪರ ಸಂಬಂಧ ಉಳಿಸುತ್ತದೆ. ರಿಲೇಟಿವ್ ಕಲರಿಮೆಟ್ರಿಕ್ ಎಂಬುದು ಒಳಗಿರುವ ಬಣ್ಣಗಳನ್ನು ಮುಟ್ಟದೆ, ಹೊರಗಿರುವವನ್ನು ಮಾತ್ರ ಅಂಚಿಗೆ ತಂದು ನಿಲ್ಲಿಸುತ್ತದೆ. ಹೂವು, ರೇಷ್ಮೆ ಸೀರೆ, ರಂಗದ ದೀಪಗಳಿರುವ ಚಿತ್ರಕ್ಕೆ ಮೊದಲನೆಯದು, ಮುಖಗಳಿಗೆ ಎರಡನೆಯದು ಸಾಮಾನ್ಯವಾಗಿ ಹೊಂದುತ್ತದೆ. ಎರಡನ್ನೂ ಪರದೆಯಲ್ಲಿ ನೋಡಿ ಆರಿಸುವುದು ಇನ್ನೂ ಮೇಲು.

ಲ್ಯಾಬ್ ಬೇರೆ, ಪ್ರೆಸ್ ಬೇರೆ

ಇದು ತಿಳಿಯದೆ ಹಾಳಾದ ಫೈಲುಗಳಿಗೆ ಲೆಕ್ಕವಿಲ್ಲ. ನೋರಿತ್ಸು, ಫ್ಯೂಜಿ ಫ್ರಾಂಟಿಯರ್‌ನಂಥ ಲ್ಯಾಬ್ ಮೆಷೀನುಗಳಲ್ಲಿ ಹೆಚ್ಚಿನವು ಶಾಯಿ ಬಳಸುವುದೇ ಇಲ್ಲ. ಕೆಂಪು, ಹಸಿರು, ನೀಲಿ ಲೇಸರ್‌ನಿಂದ ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಚಿತ್ರ ಬರೆದು ರಾಸಾಯನಿಕದಲ್ಲಿ ತೊಳೆಯುತ್ತವೆ. ಬಣ್ಣ ಕಾಗದದೊಳಗೇ ಹುಟ್ಟುತ್ತದೆ. ಇಂಥಲ್ಲಿಗೆ ಸಿಎಂವೈಕೆ ಫೈಲ್ ಕೊಡುವುದು ಸುಮ್ಮನೆ ಬಣ್ಣ ಕಳೆದುಕೊಳ್ಳುವ ದಾರಿ. ಎಸ್‌ಆರ್‌ಜಿಬಿ ಜೆಪೆಗ್ ಕೊಡಿ. ವಾಟ್ಸ್ಆ್ಯಪಿನಲ್ಲಿ ಕಳಿಸಲೇಬೇಕಾದರೆ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಅದು ಕುಗ್ಗಿ ತಲುಪುತ್ತದೆ.

ಲಗ್ನಪತ್ರಿಕೆ, ಕ್ಯಾಲೆಂಡರ್, ಪುಸ್ತಕಗಳು ಆಫ್‌ಸೆಟ್ ಪ್ರೆಸ್ಸಿಗೆ ಹೋಗುತ್ತವೆ. ಅಲ್ಲಿ ಸಿಎಂವೈಕೆ ಬೇಕು, ಆದರೆ ಯಾವ ಪ್ರೊಫೈಲಿನ ಸಿಎಂವೈಕೆ ಎಂದು ಪ್ರೆಸ್ಸಿನವರನ್ನು ಕೇಳಿಯೇ ಪರಿವರ್ತಿಸಬೇಕು. ನಯವಾದ ಆರ್ಟ್ ಪೇಪರ್ ನಾಲ್ಕೂ ಬಣ್ಣ ಸೇರಿ ಶೇ. 300ರಷ್ಟು ಶಾಯಿ ತಡೆದೀತು. ಸುದ್ದಿಪತ್ರಿಕೆಯ ಕಾಗದ ಶೇ. 240 ದಾಟಿದರೆ ಶಾಯಿಯನ್ನು ಹೀರಿ ಹಿಂಬದಿಗೂ ಬಿಡುತ್ತದೆ. ಆ ಕಾಗದವೇ ಬೂದು ಬಣ್ಣದ್ದಾದ್ದರಿಂದ ಪತ್ರಿಕೆಯಲ್ಲಿ ಅಚ್ಚಾದ ನಿಮ್ಮ ಫೋಟೋದ ಬಿಳಿ ಅಂಗಿ ಬೂದಾಗಿಯೇ ಕಾಣುವುದು.

ಬಣ್ಣಗಳ ವ್ಯತ್ಯಾಸಕ್ಕೂ ಅಳತೆಯಿದೆ, ಅದರ ಹೆಸರು ಡೆಲ್ಟಾ ಇ. ಅದು 1ರ ಆಸುಪಾಸಿದ್ದರೆ ಪಳಗಿದ ಕಣ್ಣಿಗೂ ಕಂಡೂ ಕಾಣದಷ್ಟು. ಆಫ್‌ಸೆಟ್ ಮುದ್ರಣದ ಅಂತರರಾಷ್ಟ್ರೀಯ ಮಾನಕವೇ ಪೂರ್ತಿ ಹಚ್ಚಿದ ಶಾಯಿಗಳಲ್ಲಿ 5ರವರೆಗೆ ಒಪ್ಪುತ್ತದೆ. ಅದಕ್ಕಿಂತ ಬಿಗಿಯಾಗಿ ಪ್ರೆಸ್ಸಿನವರನ್ನು ಹಿಡಿಯುವುದು ನ್ಯಾಯವಲ್ಲ.

ಯಾವ ಬೆಳಕಿನಲ್ಲಿ ನೋಡುವುದು

ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವ ಹೆಂಗಸರು ಅಂಗಡಿಯ ದೀಪಗಳನ್ನು ನಂಬದೆ ಬಾಗಿಲ ಹತ್ತಿರ ಬಂದು ಹಗಲಿನಲ್ಲಿ ಸೆರಗು ನೋಡುತ್ತಾರೆ. ಪ್ರಿಂಟಿಗೂ ಅದೇ ನ್ಯಾಯ. ಒಂದು ಬೆಳಕಿನಲ್ಲಿ ಹೊಂದುವ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರಾಗುವುದನ್ನು ಮೆಟಮೆರಿಸಂ ಎನ್ನುತ್ತಾರೆ. ಮುದ್ರಣ ಉದ್ಯಮದ ಒಪ್ಪಿತ ಬೆಳಕು ಡಿ50, ಅಂದರೆ ಸುಮಾರು 5000 ಕೆಲ್ವಿನ್. ಪರದೆಗಳ ಒಪ್ಪಿತ ಬಿಳಿ ಡಿ65, ಸುಮಾರು 6500 ಕೆಲ್ವಿನ್, ತುಸು ನೀಲಿ. ನಮ್ಮ ಮನೆಗಳಲ್ಲಿ ಬಹಳ ಕಡೆ ಇರುವುದು ಕೂಲ್ ಡೇಲೈಟ್ ಎಂದು ಬರೆದ 6500 ಕೆಲ್ವಿನ್ ಬಲ್ಬುಗಳೇ. ಮನೆಯಲ್ಲಿ ನೋಡುವ ಆಲ್ಬಮ್ಮಿಗೆ ಮಾನಿಟರನ್ನು ಡಿ65ರಲ್ಲೇ ಇಡುವುದು ಸರಿ ಎಂದು ನನಗನಿಸುತ್ತದೆ. ಪ್ರೆಸ್ಸಿನ ಪ್ರೂಫ್ ಜೊತೆ ಹೋಲಿಸುವವರು ಡಿ50ಕ್ಕೆ ಹೋಗಲಿ. ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಥವಾ ಹೆಚ್ಚು ಎಂದಿದ್ದರೆ ಅದರ ಕೆಳಗೆ ಬಣ್ಣ ನೋಡಬಹುದು.

ಕಾಗದವೂ ಮೋಸ ಮಾಡುತ್ತದೆ. ಹೆಚ್ಚು ಬಿಳಿ ಕಾಣಲೆಂದು ಅನೇಕ ಕಾಗದಗಳಿಗೆ ಅತಿನೇರಳೆ ಕಿರಣವನ್ನು ನೀಲಿ ಬೆಳಕಾಗಿ ಬದಲಿಸುವ ರಾಸಾಯನಿಕ ಬೆರೆಸಿರುತ್ತಾರೆ. ಹಗಲಿನಲ್ಲಿ ನೀಲಿಬಿಳಿಯಾಗಿ ಹೊಳೆಯುವ ಆ ಕಾಗದ ಅತಿನೇರಳೆ ಇಲ್ಲದ ಎಲ್‌ಇಡಿ ಬೆಳಕಿನಲ್ಲಿ ಹಳದಿಗೆ ವಾಲುತ್ತದೆ. ಇಂಕ್‌ಜೆಟ್ ಪ್ರಿಂಟನ್ನು ಆಗಷ್ಟೇ ಹೊರಬಂದಾಗ ತೂಗಬೇಡಿ, ಶಾಯಿ ಒಣಗಲು ಒಂದು ರಾತ್ರಿ ಕೊಡಿ.

ಮೈಬಣ್ಣದ ರಾಜಕೀಯ

ಅಳತೆಯ ಮಾನದಂಡವೂ ಯಾರದೋ ಮೈಬಣ್ಣವನ್ನು ಆಧರಿಸಿರುತ್ತದೆ. 1950ರ ದಶಕದಿಂದ ಕೊಡಾಕ್ ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಚಿತ್ರದಲ್ಲಿದ್ದದ್ದು ಒಬ್ಬ ಬಿಳಿಯ ಮಹಿಳೆ. ಅವಳ ಚರ್ಮ ಸರಿ ಬಂದರೆ ಮೆಷೀನು ಸರಿಯಿದೆ ಎಂದರ್ಥ. ಶರ್ಲಿ ಕಾರ್ಡ್ ಎಂದೇ ಅದು ಹೆಸರಾಯಿತು. ಕಪ್ಪು, ಕಂದು ಮೈಬಣ್ಣದವರ ಮುಖಗಳು ಅದೇ ಮೆಷೀನುಗಳಲ್ಲಿ ವಿವರ ಕಳೆದುಕೊಂಡು ಬಂದರೂ ಯಾರೂ ಬಹಳ ಕಾಲ ಲಕ್ಷ್ಯ ಕೊಡಲಿಲ್ಲ. ಬೇರೆ ಬೇರೆ ಮೈಬಣ್ಣಗಳ ಕಾರ್ಡು ಬಂದದ್ದು 1990ರ ದಶಕದಲ್ಲಿ. 1976ರಲ್ಲಿ ಬಂದು ಇಂದಿಗೂ ಬಳಕೆಯಲ್ಲಿರುವ ಕಲರ್‌ಚೆಕರ್ ಫಲಕ ಈ ಮಟ್ಟಿಗೆ ಜಾಣ. ಅದರ 24 ಬಣ್ಣಗಳಲ್ಲಿ ಮೊದಲನೆಯದೇ ಕಡು ಮೈಬಣ್ಣ.

ನಮ್ಮಲ್ಲಿ ತೊಂದರೆ ಇನ್ನೊಂದು ಥರ. ಲ್ಯಾಬಿನ ಆಪರೇಟರ್ ಒಳ್ಳೆಯ ಮನಸ್ಸಿನಿಂದಲೇ ಮುಖಗಳನ್ನು ಬೆಳ್ಳಗೆ ಮಾಡುತ್ತಾನೆ, ಗಿರಾಕಿಗೆ ಅದೇ ಇಷ್ಟ ಎಂಬುದು ಅವನ ಅನುಭವ. ಮಾನಿಟರ್ ಅಳೆದು, ಪ್ರೊಫೈಲ್ ಹಾಕಿ, ಪ್ರೂಫ್ ನೋಡಿ ಕಳಿಸಿದ ಫೋಟೋ ಅವನ ನಾಲ್ಕು ಗುಂಡಿಗಳಲ್ಲಿ ಬೇರೆಯೇ ಆಗಿಬಿಡುತ್ತದೆ. ಆದ್ದರಿಂದ ಫೈಲ್ ಕೊಡುವಾಗ "ಕರೆಕ್ಷನ್ ಬೇಡ" ಎಂದು ಬಾಯಿಬಿಟ್ಟು ಹೇಳಿ, ಆರ್ಡರ್ ಚೀಟಿಯಲ್ಲೂ ಬರೆಸಿ.

ದೊಡ್ಡ ಆರ್ಡರ್ ಕೊಡುವ ಮೊದಲು ಅದೇ ಕಾಗದದ ಮೇಲೆ ನಾಲ್ಕಾರು ಫೋಟೋಗಳ ಚಿಕ್ಕ ಪ್ರಿಂಟ್ ತೆಗೆಸಿ. ಒಂದು ಮುಖ, ಒಂದು ಕಡು ಕಪ್ಪು, ಒಂದು ಬಿಳಿ ಬಟ್ಟೆ, ಒಂದು ಗಾಢ ನೀಲಿ ಅದರಲ್ಲಿರಲಿ. ಹಗಲಿನಲ್ಲಿ ನೋಡಿ, ಒಪ್ಪಿಗೆಯಾದರೆ ಹಿಂದೆ ಸಹಿ ಹಾಕಿ ಒಂದು ಪ್ರತಿಯನ್ನು ಲ್ಯಾಬಿನಲ್ಲಿ ಬಿಟ್ಟು, ಇನ್ನೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಆಲ್ಬಮ್ ಬಂದಾಗ ಹೋಲಿಸಬೇಕಾದದ್ದು ಆ ಪ್ರಿಂಟಿನ ಜೊತೆ, ಪರದೆಯ ಜೊತೆಯಲ್ಲ.